ಇನ್ನೊಂದು ತುದಿಯಲ್ಲಿ ನಿಂತವರನ್ನು ಕೇಳೋಣ

ಏಕದಿನ ಕ್ರಿಕೆಟ್‌ನಲ್ಲಿ ಎಲ್ಲರಿಗಿಂತ ದೊಡ್ಡ ಬ್ಯಾಟ್ಸ್‌ಮನ್ ಯಾರು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದರೆ ಮೂರು ತಲೆಮಾರು ಮೂರು ಹೆಸರು ಹೇಳುತ್ತದೆ. ಚಿಕ್ಕಪ್ಪನಿಗೆ ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್. ನನ್ನ ವಯಸ್ಸಿನವರಿಗೆ ಸಚಿನ್ ತೆಂಡೂಲ್ಕರ್. ಅಕ್ಕನ ಮಗನಿಗೆ ವಿರಾಟ್ ಕೊಹ್ಲಿ. ಮೂವರೂ ತಮ್ಮ ತಮ್ಮ ಅಂಕಿಅಂಶ ಇಟ್ಟುಕೊಂಡು ವಾದ ಮಾಡುತ್ತಾರೆ. ಆದರೆ ಬರೀ ಒಟ್ಟು ರನ್ನು ನೋಡಿದರೆ ಚಿಕ್ಕಪ್ಪ ಸೋಲಲೇಬೇಕು. ಸಚಿನ್ 463 ಪಂದ್ಯಗಳಲ್ಲಿ 18,426 ರನ್ ಹೊಡೆದಿದ್ದಾರೆ, 49 ಶತಕ. ಕೊಹ್ಲಿ 50ನೇ ಶತಕ ದಾಟಿ ಮುಂದೆ ಹೋಗಿದ್ದಾರೆ. ರಿಚರ್ಡ್ಸ್ ಅವರದ್ದು 187 ಪಂದ್ಯ, 6,721 ರನ್, 11 ಶತಕ. ಇಂದಿನ ಹುಡುಗರ ಕಣ್ಣಿಗೆ ಈ 11 ತುಂಬಾ ಸಣ್ಣದಾಗಿ ಕಾಣುತ್ತದೆ. ನನಗೆ ಬೇಜಾರಾಗುವುದು ಅಲ್ಲೇ. ಆ 11ರ ಹಿಂದೆ ಏನಿತ್ತು ಎಂದು ಪಟ್ಟಿ ಹೇಳುವುದಿಲ್ಲ.

ಮೊದಲು ಆಟ ಎಷ್ಟು ಬದಲಾಗಿದೆ ನೋಡೋಣ. 1971ರ ಜನವರಿ 5ರಂದು ಮೆಲ್ಬರ್ನ್‌ನಲ್ಲಿ ಮೊದಲ ಏಕದಿನ ಪಂದ್ಯ ನಡೆಯಿತು. ಓವರಿಗೆ ಎಂಟು ಎಸೆತ, ಒಟ್ಟು 40 ಓವರ್. ಇಂಗ್ಲೆಂಡ್ 190ಕ್ಕೆ ಆಲೌಟ್. ಆಸ್ಟ್ರೇಲಿಯಾ ಐದು ವಿಕೆಟ್‌ಗಳಿಂದ ಗೆದ್ದಿತು. ಮೊದಲ ಮೂರು ವಿಶ್ವಕಪ್‌ಗಳಲ್ಲಿ 60 ಓವರ್ ಇತ್ತು. 1987ರಲ್ಲಿ ವಿಶ್ವಕಪ್ ನಮ್ಮ ಕಡೆ ಬಂದಾಗ 50 ಆಯಿತು. ಫೀಲ್ಡರ್‌ಗಳನ್ನು ಪಿಚ್ಚಿನ ಸುತ್ತ ಎಳೆದ ವೃತ್ತದೊಳಗೆ ಕಟ್ಟಿಹಾಕುವ ನಿಯಮ ಮೊದಲಿಗೆ ಇರಲೇ ಇಲ್ಲ. 1992ರ ವಿಶ್ವಕಪ್ ಹೊತ್ತಿಗೆ ಮೊದಲ 15 ಓವರ್‌ಗಳಲ್ಲಿ ಹೊರಗೆ ಇಬ್ಬರೇ ಎಂಬುದು ಬಂತು. 2005ರಲ್ಲಿ ಪವರ್‌ಪ್ಲೇ, ಅಂದರೆ ವೃತ್ತದ ಹೊರಗೆ ಕಡಿಮೆ ಫೀಲ್ಡರ್ ಇರಬೇಕಾದ ಓವರ್‌ಗಳು. 2011ರಲ್ಲಿ ಎರಡು ತುದಿಗೆ ಎರಡು ಹೊಸ ಚೆಂಡು. 2012ರಲ್ಲಿ ವೃತ್ತದ ಹೊರಗೆ ನಾಲ್ಕೇ ಜನ.

ಇದರಲ್ಲಿ ಎರಡು ಚೆಂಡಿನ ನಿಯಮ ಬಹಳ ದೊಡ್ಡದು. ಅದಕ್ಕೆ ಮುಂಚೆ ಚೆಂಡು 35ನೇ ಓವರ್ ಹೊತ್ತಿಗೆ ಸವೆದು ಮೆತ್ತಗಾಗುತ್ತಿತ್ತು. ಪಾಕಿಸ್ತಾನದ ವೇಗಿಗಳಾದ ವಾಸಿಂ ಅಕ್ರಮ್, ವಕಾರ್ ಯೂನಿಸ್ ಕೈಗೆ ಅಂಥ ಚೆಂಡು ಸಿಕ್ಕರೆ ಮುಗಿಯಿತು. ಗಾಳಿಯಲ್ಲಿ ಒಳಕ್ಕೆ ತಿರುಗಿ ಬಂದು ಕಾಲ್ಬೆರಳಿಗೇ ಬೀಳುತ್ತಿತ್ತು. ಸ್ಪಿನ್ನರ್‌ಗೂ ಹಿಡಿತ ಸಿಗುತ್ತಿತ್ತು. ಎರಡು ಚೆಂಡು ಬಂದ ಮೇಲೆ 50ನೇ ಓವರಿನಲ್ಲೂ ಚೆಂಡಿನ ವಯಸ್ಸು 25 ಓವರ್ ಮಾತ್ರ. ಗಟ್ಟಿಯಾಗಿಯೇ ಇರುತ್ತದೆ, ಬ್ಯಾಟಿಗೆ ತಾಗಿದರೆ ಹಾರುತ್ತದೆ. ಕೊನೆಗೆ 2025ರಲ್ಲಿ ಐಸಿಸಿ ಇದನ್ನು ತಿದ್ದಿತು. ಈಗ 34 ಓವರ್ ಆದ ಮೇಲೆ ಎರಡರಲ್ಲಿ ಒಂದೇ ಚೆಂಡಿನಲ್ಲಿ ಮುಂದುವರಿಯಬೇಕು. ನನಗೆ ಇದು ತುಂಬಾ ಇಷ್ಟವಾದ ಬದಲಾವಣೆ.

ಆಟ ಹೇಗೆ ಓಡಿತು ಎಂಬುದಕ್ಕೆ ಸುನಿಲ್ ಗವಾಸ್ಕರ್ ಒಬ್ಬರೇ ಸಾಕು. 1975ರ ವಿಶ್ವಕಪ್‌ನ ಮೊದಲ ದಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 334 ಹೊಡೆಯಿತು. ಗವಾಸ್ಕರ್ 60 ಓವರ್ ಪೂರ್ತಿ ನಿಂತು 174 ಎಸೆತಗಳಲ್ಲಿ 36 ರನ್ ಮಾಡಿದರು. ಆ ಇನಿಂಗ್ಸ್ ಬಗ್ಗೆ ಇವತ್ತಿಗೂ ಜನ ಮಾತಾಡುತ್ತಾರೆ. ಅದೇ ಗವಾಸ್ಕರ್ 1987ರಲ್ಲಿ ನಾಗಪುರದಲ್ಲಿ ನ್ಯೂಜಿಲೆಂಡ್ ಎದುರು ಜ್ವರದಲ್ಲೇ ಆಡಿ 88 ಎಸೆತಗಳಲ್ಲಿ 103 ಬಾರಿಸಿದರು. ಅವರ ಏಕೈಕ ಏಕದಿನ ಶತಕ ಅದು. ಆಗ ಅವರಿಗೆ 38 ವರ್ಷ. ಹನ್ನೆರಡು ವರ್ಷದಲ್ಲಿ ಒಬ್ಬನೇ ಮನುಷ್ಯ ಇಷ್ಟು ಬದಲಾಗಿರುವಾಗ, 1979ರ ಸರಾಸರಿಯನ್ನು 2019ರ ಸರಾಸರಿಯ ಪಕ್ಕ ಇಟ್ಟು ಕಳೆಯುವುದು ಕೂಡಿಸುವುದು ಮಾಡಿದರೆ ಏನು ಸಿಗುತ್ತದೆ?

ಇದಕ್ಕೆ ಕೆಲವರು ಲೆಕ್ಕದ ದಾರಿ ಹುಡುಕುತ್ತಾರೆ. ಆ ದಶಕದ ಒಟ್ಟಾರೆ ರನ್‌ರೇಟ್ ತೆಗೆದು, ಅದರಿಂದ ಆಟಗಾರನ ಸ್ಟ್ರೈಕ್ ರೇಟ್ (100 ಎಸೆತಕ್ಕೆ ಹೊಡೆಯುವ ರನ್) ಭಾಗಿಸಿ, ಹೀಗೆಲ್ಲ. ತಪ್ಪೇನಿಲ್ಲ. ಆದರೆ ಆ ದಶಕದಲ್ಲಿ ಚಪ್ಪಟೆ ಪಿಚ್ಚೂ ಇತ್ತು, ಹಸಿರು ಪಿಚ್ಚೂ ಇತ್ತು. ಬಲಹೀನ ತಂಡವೂ ಇತ್ತು, ಬಲಿಷ್ಠ ತಂಡವೂ ಇತ್ತು. ಎಲ್ಲವನ್ನೂ ಕಲಸಿ ಒಂದು ಸಂಖ್ಯೆ ಮಾಡಿದರೆ ಆ ದಿನದ ಕಷ್ಟ ಕಾಣದೆ ಹೋಗುತ್ತದೆ.

ನಾನು ಬಳಸುವ ಅಳತೆ ಬೇರೆ. ನಮ್ಮೂರ ಕಡೆ ರಾಗಿ ಬೆಳೆಯುವವರು ಈ ಸಲದ ಫಸಲು ಹೇಗೆ ಎಂದು ತಿಳಿಯಲು ಅಜ್ಜನ ಕಾಲದ ಲೆಕ್ಕ ತೆಗೆಯುವುದಿಲ್ಲ, ಪಕ್ಕದ ಹೊಲ ನೋಡುತ್ತಾರೆ. ಮಳೆ ಅದೇ, ಮಣ್ಣು ಅದೇ. ಹಾಗೆಯೇ ನಾನು ಪಿಚ್ಚಿನ ಇನ್ನೊಂದು ತುದಿ ನೋಡುತ್ತೇನೆ. ಅಲ್ಲಿ ನಿಂತವನಿಗೂ ಅದೇ ಚೆಂಡು, ಅದೇ ಬೌಲರ್, ಅದೇ ನಿಯಮ, ಅದೇ ಬೌಂಡರಿ. ಅವನಿಗೆ ಏನು ಸಾಧ್ಯವಾಯಿತು, ಈತನಿಗೆ ಏನು ಸಾಧ್ಯವಾಯಿತು? ಈ ಅಂತರಕ್ಕೆ ಕಾಲದ ಹಂಗಿಲ್ಲ. 1984ಕ್ಕೂ ಸಲ್ಲುತ್ತದೆ, 2023ಕ್ಕೂ ಸಲ್ಲುತ್ತದೆ.

1984 ಎಂದು ಸುಮ್ನೆ ಹೇಳಲಿಲ್ಲ. ಆ ವರ್ಷದ ಮೇ 31ರಂದು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ವೆಸ್ಟ್ ಇಂಡೀಸ್ ಬ್ಯಾಟಿಂಗ್ ಮಾಡುತ್ತಿತ್ತು. ಎದುರಿಗೆ ಇಂಗ್ಲೆಂಡ್. ಬಾಬ್ ವಿಲ್ಲಿಸ್, ಇಯಾನ್ ಬೋಥಮ್ ಬೌಲಿಂಗ್. ಆ ಸ್ಕೋರ್‌ಕಾರ್ಡನ್ನು ನಾನು ಪದ್ಯ ಓದಿದ ಹಾಗೆ ಓದುತ್ತೇನೆ. ಹೇನ್ಸ್ 1. ಗ್ರೀನಿಜ್ 9. ಗೋಮ್ಸ್ 4. ರಿಚರ್ಡ್‌ಸನ್ 6. ಲಾಯ್ಡ್ 8. ದುಜೋಂ 0. ಮಾರ್ಷಲ್ 4. ಬ್ಯಾಪ್ಟಿಸ್ಟ್ 26. ಗಾರ್ನರ್ 3. ಹೋಲ್ಡಿಂಗ್ ಔಟಾಗದೆ 12. ಇವರೆಲ್ಲರದ್ದು ಸೇರಿಸಿದರೆ 73. ಇತರೆ 10. ರಿಚರ್ಡ್ಸ್ ಒಬ್ಬರೇ ಔಟಾಗದೆ 189. ಎದುರಿಸಿದ್ದು 170 ಎಸೆತ, 21 ಬೌಂಡರಿ, 5 ಸಿಕ್ಸರ್.

102ಕ್ಕೆ ಏಳು ವಿಕೆಟ್ ಬಿದ್ದಿತ್ತು. 166ಕ್ಕೆ ಒಂಬತ್ತು. ಕೊನೆಯವರಾಗಿ ಮೈಕೆಲ್ ಹೋಲ್ಡಿಂಗ್ ಬಂದರು. ಅಲ್ಲಿಂದ ಇಬ್ಬರೂ ಸೇರಿ ಮುರಿಯದ 106 ರನ್ ಜೊತೆಯಾಟ. ಅದರಲ್ಲಿ 93 ರಿಚರ್ಡ್ಸ್ ಅವರದ್ದು. ಕೊನೆಗೆ 55 ಓವರ್‌ಗಳಲ್ಲಿ 272. ಇಂಗ್ಲೆಂಡ್ 168ಕ್ಕೆ ಮುಗಿಯಿತು. ಅಂದರೆ ಇಂಗ್ಲೆಂಡಿನ ಹನ್ನೊಂದು ಜನಕ್ಕೂ ರಿಚರ್ಡ್ಸ್ ಒಬ್ಬರ ಮೊತ್ತ ಮುಟ್ಟಲು ಆಗಲಿಲ್ಲ.

ಅಕ್ಕನ ಮಗ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದ. "ಅಲ್ಲ ತಾತ, ಆ ಕಾಲದ ಭಯಂಕರ ಬೌಲರ್‌ಗಳೆಲ್ಲ ವೆಸ್ಟ್ ಇಂಡೀಸ್‌ನವರೇ ಅಲ್ವಾ? ಮಾರ್ಷಲ್, ಗಾರ್ನರ್, ಹೋಲ್ಡಿಂಗ್. ರಿಚರ್ಡ್ಸ್ ಅವರನ್ನು ಎದುರಿಸಲೇ ಇಲ್ಲವಲ್ಲ." ಚಿಕ್ಕಪ್ಪ ಸಿಟ್ಟಾದರು. "ಲೋ, ಲಿಲ್ಲಿ ಯಾರು, ಥಾಮ್ಸನ್ ಯಾರು, ಇಮ್ರಾನ್ ಯಾರು, ಹ್ಯಾಡ್ಲಿ ಯಾರು? ಹೆಲ್ಮೆಟ್ ಹಾಕದೆ ಅವರ ಮುಂದೆ ನಿಂತಿದ್ದು ಗೊತ್ತೇನೋ ನಿನಗೆ?" ಎಂದರು. ಅದೂ ನಿಜ. ರಿಚರ್ಡ್ಸ್ ಹೆಲ್ಮೆಟ್ ಹಾಕಿದವರೇ ಅಲ್ಲ. ಮೆರೂನ್ ಬಣ್ಣದ ಟೋಪಿ, ಬಾಯಲ್ಲಿ ಚೂಯಿಂಗ್ ಗಮ್, ನಿಧಾನವಾಗಿ ನಡೆದು ಬರುವುದು. ಆ ನಡಿಗೆಗೇ ಬೌಲರ್‌ಗಳ ಧೈರ್ಯ ಕುಗ್ಗುತ್ತಿತ್ತು.

ಆದರೆ ಹುಡುಗನ ಪ್ರಶ್ನೆಗೆ ಇನ್ನೊಂದು ತುದಿಯಲ್ಲಿ ಇನ್ನೂ ಗಟ್ಟಿಯಾದ ಉತ್ತರ ಇದೆ. ಡೆಸ್ಮಂಡ್ ಹೇನ್ಸ್, ಗಾರ್ಡನ್ ಗ್ರೀನಿಜ್ ಕೂಡ ಮಾರ್ಷಲ್‌ರನ್ನು ಎದುರಿಸಲಿಲ್ಲ. ಅವರಿಗೂ ಅವೇ ಎದುರಾಳಿಗಳು, ಅವೇ ಮೈದಾನಗಳು. ಇಬ್ಬರೂ ಚರಿತ್ರೆಯ ಅತ್ಯುತ್ತಮ ಆರಂಭಿಕರು. ಹೇನ್ಸ್ ಸ್ಟ್ರೈಕ್ ರೇಟ್ 63. ಗ್ರೀನಿಜ್ ಅವರದ್ದು 65ಕ್ಕೆ ಸ್ವಲ್ಪ ಕಡಿಮೆ. ರಿಚರ್ಡ್ಸ್ ಅವರದ್ದು 90. ಕ್ಲೈವ್ ಲಾಯ್ಡ್ ಒಬ್ಬರು 81ರಲ್ಲಿ ವೇಗಕ್ಕೆ ಹತ್ತಿರ ಬರುತ್ತಾರೆ, ಆದರೆ ಅವರ ಸರಾಸರಿ 40 ಮುಟ್ಟುವುದಿಲ್ಲ. ರಿಚರ್ಡ್ಸ್ ಸರಾಸರಿ 47. ಒಂದೇ ತಂಡದ ದಿಗ್ಗಜರಿಗಿಂತ 100 ಎಸೆತಕ್ಕೆ 25 ರನ್ ಜಾಸ್ತಿ ಹೊಡೆದು, ಸರಾಸರಿಯಲ್ಲೂ ಅವರಿಗಿಂತ ಮೇಲೆ ಇರುವುದು ಎಂದರೆ ಎಂಥ ಮಾತು! ಇವತ್ತು 93 ಸ್ಟ್ರೈಕ್ ರೇಟ್ ಇರುವ ಕೊಹ್ಲಿಯ ಜೊತೆ ಹೀಗೆ ಹೋಲಿಸಲು ಹೊರಟರೆ ಜೊತೆಗಾರರ ನಡುವೆ ಅಷ್ಟು ಅಂತರ ಕಾಣುವುದಿಲ್ಲ. ರೋಹಿತ್ ಶರ್ಮಾ, ಶಿಖರ್ ಧವನ್ ಇಬ್ಬರೂ 90ರ ಮೇಲೇ ಇದ್ದಾರೆ.

ವಿಶ್ವಕಪ್ ಫೈನಲ್‌ನಲ್ಲೂ ರಿಚರ್ಡ್ಸ್ ಹೀಗೇ. 1979ರಲ್ಲಿ ಲಾರ್ಡ್ಸ್‌ನಲ್ಲಿ ಔಟಾಗದೆ 138. ಆ ದಿನ ಮಾತ್ರ ಇನ್ನೊಂದು ತುದಿಯಲ್ಲಿ ಕಾಲಿಸ್ ಕಿಂಗ್ 66 ಎಸೆತಗಳಲ್ಲಿ 86 ಬಾರಿಸಿ ಅವರಿಗಿಂತ ಜೋರಾಗಿ ಓಡಿದರು. ರಿಚರ್ಡ್ಸ್ ಅವರನ್ನು ಹೊಡೆಯಲು ಬಿಟ್ಟು ತಾವು ಕಾದರು. ಇದೂ ದೊಡ್ಡತನವೇ.

ಓಲ್ಡ್ ಟ್ರಾಫರ್ಡ್‌ಗೆ ಒಂದು ವರ್ಷ ಮುಂಚೆ, 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಆಡಿದ್ದನ್ನು ನಮ್ಮ ದೇಶದಲ್ಲಿ ಹೇಳದೆ ಇರುವವರಿಲ್ಲ. ಜಿಂಬಾಬ್ವೆ ಎದುರು 17ಕ್ಕೆ ಐದು ವಿಕೆಟ್. ಕಪಿಲ್ 138 ಎಸೆತಗಳಲ್ಲಿ ಔಟಾಗದೆ 175. ಬಿಬಿಸಿ ಸಿಬ್ಬಂದಿ ಅವತ್ತು ಮುಷ್ಕರದಲ್ಲಿದ್ದರು, ಚಿತ್ರೀಕರಣ ಇಲ್ಲ. ನಮಗೆ ಉಳಿದಿದ್ದು ಸ್ಕೋರ್‌ಕಾರ್ಡ್ ಒಂದೇ. ಅದರಲ್ಲಿ ಇನ್ನೊಂದು ತುದಿ ನೋಡಿದರೆ ನಮ್ಮವರಿಬ್ಬರು ಕಾಣುತ್ತಾರೆ. ರೋಜರ್ ಬಿನ್ನಿ 22 ಹೊಡೆದು ಆರನೇ ವಿಕೆಟ್‌ಗೆ 60 ಸೇರಿಸಿದರು. ಸೈಯದ್ ಕಿರ್ಮಾನಿ ಔಟಾಗದೆ 24, ಒಂಬತ್ತನೇ ವಿಕೆಟ್‌ಗೆ ಮುರಿಯದ 126. ಕಪಿಲ್ ಬಿಟ್ಟರೆ ಅವತ್ತು ಭಾರತದ ಪರ ಅತಿ ಹೆಚ್ಚು ರನ್ ಕಿರ್ಮಾನಿಯದ್ದೇ. ಜಿಂಬಾಬ್ವೆಗೆ ಆಗ ಟೆಸ್ಟ್ ಮಾನ್ಯತೆ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಅದೇ ಬೌಲಿಂಗ್‌ಗೆ ಗವಾಸ್ಕರ್, ಶ್ರೀಕಾಂತ್ ಇಬ್ಬರೂ ಸೊನ್ನೆಗೆ ಔಟಾಗಿದ್ದರು ಎಂಬುದನ್ನೂ ನೆನಪಿಡಬೇಕು.

ಆ ಕಾಲದ ಇನ್ನಿಬ್ಬರನ್ನು ಹೆಸರಿಸದೆ ಮುಂದೆ ಹೋಗಲಾರೆ. ಪಾಕಿಸ್ತಾನದ ಜಹೀರ್ ಅಬ್ಬಾಸ್, 62 ಪಂದ್ಯಗಳಲ್ಲಿ 47ಕ್ಕೂ ಮೇಲಿನ ಸರಾಸರಿ, ಸ್ಟ್ರೈಕ್ ರೇಟ್ ಸುಮಾರು 85. ಸತತ ಮೂರು ಏಕದಿನ ಶತಕ ಹೊಡೆದವರಲ್ಲಿ ಮೊದಲಿಗರು. ಆಸ್ಟ್ರೇಲಿಯಾದ ಡೀನ್ ಜೋನ್ಸ್, ಒಂದು ರನ್ನನ್ನು ಎರಡು ಮಾಡುವುದೂ ಬ್ಯಾಟಿಂಗ್‌ನ ಭಾಗ ಎಂದು ಓಡಿ ತೋರಿಸಿದವರು. ಈಗ ಯಾರೂ ಇವರ ಹೆಸರು ಎತ್ತುವುದಿಲ್ಲ.

ಸಚಿನ್ ವಿಷಯಕ್ಕೆ ಬಂದರೆ ನಾನು ಒಬ್ಬ ಸಚಿನ್ ಬಗ್ಗೆ ಮಾತಾಡಲಾರೆ. ನನ್ನ ಲೆಕ್ಕದಲ್ಲಿ ಹಲವು ಸಚಿನ್ ಇದ್ದಾರೆ. ಮೊದಲ ನಾಲ್ಕು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಮಧ್ಯಮ ಕ್ರಮಾಂಕದಲ್ಲಿ ಆಡಿದ ಹುಡುಗ. ಒಂದೂ ಶತಕ ಇಲ್ಲ. 1994ರ ಮಾರ್ಚ್ 27ರಂದು ಆಕ್ಲೆಂಡ್‌ನಲ್ಲಿ ನವಜೋತ್ ಸಿಧುಗೆ ಕುತ್ತಿಗೆ ಹಿಡಿದುಕೊಂಡಿತ್ತು. ಸಚಿನ್ ತಾವೇ ಆರಂಭಿಕರಾಗಿ ಹೋಗುತ್ತೇನೆ ಎಂದು ಕೇಳಿ ಹೋದರು. 49 ಎಸೆತಗಳಲ್ಲಿ 82. ಮೊದಲ ಶತಕ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಬಂತು, 79ನೇ ಪಂದ್ಯದಲ್ಲಿ. ಅಲ್ಲಿಂದ ನಾಲ್ಕೇ ವರ್ಷಕ್ಕೆ ಹೇನ್ಸ್ ಅವರ 17 ಶತಕಗಳ ದಾಖಲೆ ಮುಗಿದಿತ್ತು.

ಆರಂಭಿಕರಾಗಿ ಸಚಿನ್ ಸರಾಸರಿ 48, ಸ್ಟ್ರೈಕ್ ರೇಟ್ 88. ಅವರ ಜೊತೆ ಇನಿಂಗ್ಸ್ ಆರಂಭಿಸಿ 6,609 ರನ್ ಸೇರಿಸಿದ ಸೌರವ್ ಗಂಗೂಲಿಯ ಒಟ್ಟಾರೆ ಸರಾಸರಿ 41, ಸ್ಟ್ರೈಕ್ ರೇಟ್ 74ರ ಸುತ್ತ. ಅಜರುದ್ದೀನ್ ಅವರದ್ದು 37 ಮತ್ತು 74. ದ್ರಾವಿಡ್ ಅವರದ್ದು 39 ಮತ್ತು 71. ಇವರು ಸಣ್ಣ ಆಟಗಾರರಲ್ಲ. ಆದರೂ ಎರಡೂ ಕಡೆ ಇಷ್ಟು ಅಂತರ. ರಿಚರ್ಡ್ಸ್ ಬಿಟ್ಟರೆ ತನ್ನದೇ ಡ್ರೆಸ್ಸಿಂಗ್ ರೂಮಿನಿಂದ ಇಷ್ಟು ದೂರ ಹೋಗಿದ್ದು, ಅದೂ ಹತ್ತು ವರ್ಷ ಹಾಗೇ ಇದ್ದಿದ್ದು, ನನಗೆ ಗೊತ್ತಿರುವಂತೆ ಸಚಿನ್ ಒಬ್ಬರೇ.

1998ರ ಏಪ್ರಿಲ್ 22, ಶಾರ್ಜಾ. ಆಸ್ಟ್ರೇಲಿಯಾ ಎದುರು ಮರಳುಗಾಳಿ ಎದ್ದು ಆಟ ನಿಂತಿತು. ಮತ್ತೆ ಶುರುವಾದಾಗ 46 ಓವರ್‌ಗಳಲ್ಲಿ 276 ಗುರಿ, ಫೈನಲ್ ತಲುಪಲು 237 ಸಾಕು. ಭಾರತ 250 ಮಾಡಿತು. ಸಚಿನ್ 131 ಎಸೆತಗಳಲ್ಲಿ 143. ಅವರ ನಂತರ ಅತಿ ಹೆಚ್ಚು ಎಂದರೆ ನಯನ್ ಮೊಂಗಿಯಾ ಅವರ 35. ಶೇನ್ ವಾರ್ನ್ ಬೌಲಿಂಗ್ ಮಾಡುತ್ತಿದ್ದರು ಎಂಬುದನ್ನು ಮರೆಯಬಾರದು. ಎರಡು ದಿನ ಬಿಟ್ಟು ಫೈನಲ್‌ನಲ್ಲಿ, ತಮ್ಮ 25ನೇ ಹುಟ್ಟುಹಬ್ಬದ ದಿನ, 134 ಹೊಡೆದು ಗೆಲ್ಲಿಸಿದರು. ಆ ಒಂದೇ ವರ್ಷದಲ್ಲಿ 9 ಶತಕ, 1,894 ರನ್.

ಸಚಿನ್ ಔಟಾದರೆ ಟಿವಿ ಆರಿಸುತ್ತಿದ್ದ ಕಾಲ ಅದು. 1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾ 215. ಸಚಿನ್ 88ಕ್ಕೆ ಔಟಾದಾಗ ನಮ್ಮದು 164ಕ್ಕೆ ಎಂಟು. ಆರಿಸಿದವರು ತುಂಬಾ ಕಳೆದುಕೊಂಡರು. ಜಾವಗಲ್ ಶ್ರೀನಾಥ್ ಔಟಾಗದೆ 30, ಅನಿಲ್ ಕುಂಬ್ಳೆ ಔಟಾಗದೆ 16. ತವರಿನ ಇಬ್ಬರು ಬೌಲರ್‌ಗಳು ಉಳಿದ 52 ರನ್ ಹೊಡೆದು ಪಂದ್ಯ ಗೆದ್ದರು. ಇಬ್ಬರ ಅಮ್ಮಂದಿರೂ ಅಂದು ಸ್ಟ್ಯಾಂಡ್‌ನಲ್ಲಿ ಕೂತು ನೋಡುತ್ತಿದ್ದರು. ಆ ಪಂದ್ಯ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ 52ಕ್ಕೆ ಬೆಲೆ ಬಂದಿದ್ದು ಮೊದಲು 88 ಇದ್ದಿದ್ದರಿಂದ.

2003ರ ನಂತರ ಸಚಿನ್ ಮತ್ತು ಉಳಿದವರ ಅಂತರ ಕಡಿಮೆಯಾಯಿತು. ಸೆಹ್ವಾಗ್ ಅವರಿಗಿಂತ ಜೋರಾಗಿ ಹೊಡೆಯುತ್ತಿದ್ದರು, ಧೋನಿಯ ಸರಾಸರಿ 50ರ ಮೇಲೆ ಹೋಯಿತು. ಇದನ್ನು ಒಪ್ಪಿಕೊಳ್ಳಲು ಸಚಿನ್ ಅಭಿಮಾನಿಗಳಿಗೆ ಕಷ್ಟವಾಗಬೇಕಿಲ್ಲ. 24 ವರ್ಷದ ವೃತ್ತಿಜೀವನದಲ್ಲಿ ಹತ್ತು ವರ್ಷ ಆ ಎತ್ತರದಲ್ಲಿ ಇದ್ದರೆ ಸಾಲದೇ?

ಈಗ ಆಸ್ಟ್ರೇಲಿಯಾದ ಮೈಕೆಲ್ ಬೆವನ್. ಇವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಸರಾಸರಿ 53.58. ಕೂಡಲೇ ಯಾರಾದರೂ ಹೇಳುತ್ತಾರೆ, ಸರಾಸರಿ ಎಂದರೆ ಒಟ್ಟು ರನ್ನನ್ನು ಔಟಾದ ಸಲದಿಂದ ಭಾಗಿಸುವುದು, ಇವರು 67 ಸಲ ನಾಟ್‌ಔಟ್, ಅದಕ್ಕೇ ಸರಾಸರಿ ಉಬ್ಬಿದೆ ಅಂತ. ಔಟಾಗದೆ ಉಳಿಯುವುದೇ ಅವರ ಕೆಲಸವಾಗಿತ್ತಲ್ಲ! 1996ರ ಹೊಸ ವರ್ಷದ ದಿನ ಸಿಡ್ನಿಯಲ್ಲಿ ವೆಸ್ಟ್ ಇಂಡೀಸ್ ಎದುರು ಆಸ್ಟ್ರೇಲಿಯಾಕ್ಕೆ 43 ಓವರ್‌ಗಳಲ್ಲಿ 173 ಬೇಕಿತ್ತು. 38ಕ್ಕೆ ಆರು ವಿಕೆಟ್ ಬಿತ್ತು. ಬೆವನ್ 88 ಎಸೆತಗಳಲ್ಲಿ 78. ಕೊನೆಯ ಎಸೆತಕ್ಕೆ ನಾಲ್ಕು ಬೇಕಿದ್ದಾಗ ರೋಜರ್ ಹಾರ್ಪರ್ ಎಸೆತವನ್ನು ನೇರ ಬೌಂಡರಿಗೆ ಅಟ್ಟಿದರು. ಇನ್ನೊಂದು ತುದಿಯಲ್ಲಿದ್ದವರು ಗ್ಲೆನ್ ಮೆಗ್ರಾ, ಹನ್ನೊಂದನೇ ಆಟಗಾರ. 2003ರ ವಿಶ್ವಕಪ್‌ನಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಇಂಗ್ಲೆಂಡ್ ಎದುರು ಮತ್ತೆ ಹಾಗೇ. 205 ಗುರಿ, 135ಕ್ಕೆ ಎಂಟು, ಬೆವನ್ ಔಟಾಗದೆ 74, ಜೊತೆಗೆ ಆ್ಯಂಡಿ ಬಿಕೆಲ್ ಔಟಾಗದೆ 34. ಬೆವನ್ ಜೊತೆ ನಿಂತ ಬೌಲರ್‌ಗಳು ಬ್ಯಾಟ್ಸ್‌ಮನ್ ಆಗಿಬಿಡುತ್ತಿದ್ದರು. ಈ ಗುಣ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ. ಪಕ್ಕದವನ ರನ್ನಿನಲ್ಲಿ ಕಾಣುತ್ತದೆ.

ಶ್ರೀಲಂಕಾದ ಆರಂಭಿಕ ಸನತ್ ಜಯಸೂರ್ಯ ಸರಾಸರಿ 32 ಮಾತ್ರ. ನಾನು ಅವರನ್ನು ಮೊದಲ ಸಾಲಿನಲ್ಲಿ ಇಡಲಾರೆ. ಆದರೆ ಮೊದಲ 15 ಓವರ್ ಹೇಗೆ ಆಡಬೇಕು ಎಂಬುದು 1996ರ ವಿಶ್ವಕಪ್‌ನಲ್ಲಿ ಅವರ ಆಟ ನೋಡಿದ ಮೇಲೆ ಎಲ್ಲ ದೇಶಗಳಿಗೂ ಬದಲಾಯಿತು. 2000ದ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಅವರು ನಮ್ಮ ಮೇಲೆ 189 ಹೊಡೆದರು. ಉತ್ತರವಾಗಿ ನಾವು 54ಕ್ಕೆ ಆಲೌಟ್. ಆ ಸಂಜೆಯ ನೋವು ನನಗೆ ಇನ್ನೂ ನೆನಪಿದೆ.

ನಮ್ಮ ಬೆಂಗಳೂರಿನವರು ದಕ್ಷಿಣ ಆಫ್ರಿಕಾದ ಎಬಿ ಡಿವಿಲಿಯರ್ಸ್ ಅವರನ್ನು ಪ್ರೀತಿಸಿದಷ್ಟು ಬೇರೆ ವಿದೇಶಿ ಆಟಗಾರನನ್ನು ಪ್ರೀತಿಸಿರಲಿಕ್ಕಿಲ್ಲ. ಅದು ಐಪಿಎಲ್ ಪ್ರೀತಿ. ಏಕದಿನದಲ್ಲೂ ಅವರು ಅಸಾಮಾನ್ಯ, ಸರಾಸರಿ 53.50, ಸ್ಟ್ರೈಕ್ ರೇಟ್ 101. 2015ರ ಜನವರಿ 18ರಂದು ಜೊಹಾನ್ಸ್‌ಬರ್ಗ್‌ನಲ್ಲಿ ವೆಸ್ಟ್ ಇಂಡೀಸ್ ಎದುರು 31 ಎಸೆತಗಳಲ್ಲಿ ಶತಕ. ಒಟ್ಟು 44 ಎಸೆತಗಳಲ್ಲಿ 149, ಅದರಲ್ಲಿ 16 ಸಿಕ್ಸರ್. ನನ್ನ ಅಳತೆಗೆ ಈ ಪಂದ್ಯ ಹೇಳಿ ಮಾಡಿಸಿದಂತಿದೆ. ಏಕೆಂದರೆ ಅದೇ ದಿನ ಅದೇ ಪಿಚ್ಚಿನಲ್ಲಿ ಹಾಶಿಮ್ ಆಮ್ಲಾ 142 ಎಸೆತಗಳಲ್ಲಿ ಔಟಾಗದೆ 153, ರೈಲಿ ರೂಸೊ 115 ಎಸೆತಗಳಲ್ಲಿ 128. ಇಬ್ಬರೂ ಚೆನ್ನಾಗೇ ಆಡಿದರು, ಎಸೆತಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಎಬಿ ಎಸೆತಕ್ಕೆ ಮೂರಕ್ಕಿಂತ ಜಾಸ್ತಿ. ಅವರು ಕ್ರೀಸ್‌ಗೆ ಬಂದಾಗ 247ಕ್ಕೆ ಒಂದೇ ವಿಕೆಟ್, ಭಯವಿಲ್ಲದೆ ಬೀಸಬಹುದಿತ್ತು ಎಂಬುದು ನಿಜ. ಆದರೂ ಮೂರು ಪಟ್ಟು!

ಇದರ ಪಕ್ಕದಲ್ಲಿ ರೋಹಿತ್ ಶರ್ಮಾ ಅವರ 264 ಇಡುತ್ತೇನೆ. 2014ರ ನವೆಂಬರ್ 13, ಈಡನ್ ಗಾರ್ಡನ್ಸ್. ಶ್ರೀಲಂಕಾ ತಂಡದ ಒಟ್ಟು ಮೊತ್ತ 251. ಅಂದರೆ ರೋಹಿತ್ ಒಬ್ಬರೇ 13 ರನ್‌ಗಳಿಂದ ಗೆದ್ದಂತೆ. ಅದಕ್ಕೆ ಒಂದು ವರ್ಷ ಮುಂಚೆ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಮೇಲೆ 209, ಅದರಲ್ಲೂ 16 ಸಿಕ್ಸರ್. ಎರಡು ಹೊಸ ಚೆಂಡು, ಹೊರಗೆ ನಾಲ್ಕೇ ಫೀಲ್ಡರ್, ಇದೆಲ್ಲ ಅವರಿಗೆ ಅನುಕೂಲವಾಯಿತು. ಆದರೆ ಆ ಅನುಕೂಲ ಎಲ್ಲರಿಗೂ ಇತ್ತು. ಏಕದಿನದಲ್ಲಿ ಮೂರು ದ್ವಿಶತಕ ಹೊಡೆದ ಪುರುಷ ಆಟಗಾರ ರೋಹಿತ್ ಒಬ್ಬರೇ.

ದ್ವಿಶತಕ ಎಂದಾಗ ನಮ್ಮಲ್ಲಿ ಬಹಳ ಜನ ಗ್ವಾಲಿಯರ್‌ನ ಸಚಿನ್, 2010 ಎನ್ನುತ್ತಾರೆ. ಅದಕ್ಕೆ 12 ವರ್ಷ ಮುಂಚೆಯೇ, 1997ರ ಡಿಸೆಂಬರ್‌ನಲ್ಲಿ, ಮುಂಬೈಯಲ್ಲಿ ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ಎದುರು ಔಟಾಗದೆ 229 ಹೊಡೆದಿದ್ದರು. ಏಕದಿನ ವಿಶ್ವಕಪ್ ಮೊದಲು ಆಡಿದ್ದೂ ಮಹಿಳೆಯರೇ, 1973ರಲ್ಲಿ. ಮಿಥಾಲಿ ರಾಜ್ 7,805 ರನ್, ಸರಾಸರಿ 50ರ ಮೇಲೆ. ಇನ್ನು 2017ರ ವಿಶ್ವಕಪ್ ಸೆಮಿಫೈನಲ್. ಡರ್ಬಿಯಲ್ಲಿ ಹರ್ಮನ್‌ಪ್ರೀತ್ ಕೌರ್ 115 ಎಸೆತಗಳಲ್ಲಿ ಔಟಾಗದೆ 171. ಮಳೆಯಿಂದ 42 ಓವರಿಗೆ ಇಳಿದ ಪಂದ್ಯ, ಎದುರಿಗೆ ಆಸ್ಟ್ರೇಲಿಯಾ. ಭಾರತದ ಪರ ಅವತ್ತು ಎರಡನೇ ಅತಿ ಹೆಚ್ಚು ಮೊತ್ತ ಮಿಥಾಲಿಯ 36. ಓಲ್ಡ್ ಟ್ರಾಫರ್ಡ್ ಹೆಸರು ಹೇಳುವಾಗ ಡರ್ಬಿ ಹೆಸರನ್ನೂ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಓಲ್ಡ್ ಟ್ರಾಫರ್ಡ್‌ಗೆ ಎಲ್ಲಕ್ಕಿಂತ ಹತ್ತಿರ ಬರುವುದು 2023ರ ನವೆಂಬರ್ 7ರ ವಾಂಖೆಡೆ. ಅಫ್ಗಾನಿಸ್ತಾನದ ಎದುರು 292 ಬೆನ್ನಟ್ಟಿದ ಆಸ್ಟ್ರೇಲಿಯಾ 91ಕ್ಕೆ ಏಳು. ಗ್ಲೆನ್ ಮ್ಯಾಕ್ಸ್‌ವೆಲ್ ಕಾಲಿಗೆ ಸ್ನಾಯು ಸೆಳೆತ ಬಂದು ಓಡಲೂ ಆಗುತ್ತಿರಲಿಲ್ಲ. ನಿಂತಲ್ಲೇ ನಿಂತು ಬೀಸಿ 128 ಎಸೆತಗಳಲ್ಲಿ ಔಟಾಗದೆ 201. ಮುರಿಯದ 202 ರನ್ ಜೊತೆಯಾಟದಲ್ಲಿ ಪ್ಯಾಟ್ ಕಮಿನ್ಸ್ ಅವರದ್ದು 68 ಎಸೆತಗಳಲ್ಲಿ 12. ಹೋಲ್ಡಿಂಗ್ 12, ಕಮಿನ್ಸ್ 12. ನಡುವೆ 39 ವರ್ಷ. ಈ ಎರಡು ಹನ್ನೆರಡನ್ನು ಕಂಡಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂದು ಇನಿಂಗ್ಸ್ ಹೆಲ್ಮೆಟ್ ಇಲ್ಲದ ಕಾಲದ್ದು, ಇನ್ನೊಂದು ದಪ್ಪ ಅಂಚಿನ ಬ್ಯಾಟಿನ ಕಾಲದ್ದು. ಪಕ್ಕದಲ್ಲಿ ನಿಂತವರ ರನ್ ನೋಡಿದರೆ ಎರಡೂ ಒಂದೇ ಜಾತಿಯ ಇನಿಂಗ್ಸ್.

ಕೊಹ್ಲಿಯನ್ನು ಇಲ್ಲಿಯವರೆಗೆ ಉಳಿಸಿಕೊಂಡಿದ್ದಕ್ಕೆ ಕಾರಣ ಇದೆ. ಜೊತೆಗಾರರ ವೇಗದ ಜೊತೆ ಹೋಲಿಸಿದರೆ ಅವರು ತೀರಾ ಮುಂದೆ ಇಲ್ಲ ಎಂದು ಹೇಳಿದೆ. ಆದರೆ ಗುರಿ ಬೆನ್ನಟ್ಟುವಾಗ ಅವರೇ ಬೇರೆ. 2012ರ ಫೆಬ್ರುವರಿಯಲ್ಲಿ ಹೋಬಾರ್ಟ್‌ನಲ್ಲಿ ಶ್ರೀಲಂಕಾ ಕೊಟ್ಟ 321ನ್ನು ಬೋನಸ್ ಅಂಕಕ್ಕಾಗಿ 40 ಓವರಿನೊಳಗೆ ಮುಗಿಸಬೇಕಿತ್ತು. 36.4 ಓವರಿಗೇ ಮುಗಿಯಿತು. ಕೊಹ್ಲಿ 86 ಎಸೆತಗಳಲ್ಲಿ ಔಟಾಗದೆ 133. ಲಸಿತ್ ಮಾಲಿಂಗ ಅವರ ಒಂದೇ ಓವರಿನಲ್ಲಿ 24. ಮೂರು ವಾರಕ್ಕೆ ಮೀರ್‌ಪುರದಲ್ಲಿ ಪಾಕಿಸ್ತಾನದ ಎದುರು 330 ಬೆನ್ನಟ್ಟಿ 183. ಬೆನ್ನಟ್ಟುವಾಗ ಅವರ ಶತಕ 25ಕ್ಕಿಂತ ಜಾಸ್ತಿ, ಸಚಿನ್ ಅವರದ್ದು 17. ಬೆನ್ನಟ್ಟುವಾಗ ಎಲ್ಲರ ಸರಾಸರಿ ಸಾಮಾನ್ಯವಾಗಿ ಇಳಿಯುತ್ತದೆ. ಇವರದ್ದು ಏರಿ 60 ದಾಟುತ್ತದೆ. ಇನ್ನೊಂದು ತುದಿಯಲ್ಲಿರುವವರು ಬೇಕಾದ ರನ್‌ರೇಟ್ ನೋಡಿ ಕಂಗಾಲಾಗುವ ಹೊತ್ತಿಗೆ ಕೊಹ್ಲಿ ಎಲ್ಲಿ ಎರಡು ರನ್ ಸಿಗುತ್ತದೆ ಎಂದು ನೋಡುತ್ತಿರುತ್ತಾರೆ. ಸಿಕ್ಸರ್ ಹೊಡೆಯದೆ ಓವರಿಗೆ ಏಳು ತೆಗೆಯುವ ಆ ಶಾಂತ ಲೆಕ್ಕಾಚಾರ ರಿಚರ್ಡ್ಸ್‌ಗೂ ಇರಲಿಲ್ಲ, ಸಚಿನ್‌ಗೂ ಅಷ್ಟು ಇರಲಿಲ್ಲ.

ನನ್ನ ಅಳತೆಗೆ ಒಂದು ದೋಷ ಇದೆ. ತಂಡ ಬಲಹೀನವಾಗಿದ್ದರೆ ಯಾರಾದರೂ ದೊಡ್ಡವರಾಗಿ ಕಾಣಬಹುದು. ಹಾಗಾಗಿ ಇನ್ನೊಂದು ತುದಿಯಲ್ಲೂ ಗಟ್ಟಿ ಆಟಗಾರ ಇದ್ದ ದಿನ ಏನಾಯಿತು ಎಂದೂ ನೋಡಬೇಕು. ಅಲ್ಲಿ ನಮಗೆ ರಾಹುಲ್ ದ್ರಾವಿಡ್ ಸಿಗುತ್ತಾರೆ.

ಏಕದಿನ ಕ್ರಿಕೆಟ್‌ನ ಮೊದಲ ಎರಡು 300 ರನ್ ಜೊತೆಯಾಟಗಳು 1999ರಲ್ಲೇ ಬಂದವು. ಮೇ 26ರಂದು ಟಾಂಟನ್‌ನಲ್ಲಿ ಶ್ರೀಲಂಕಾ ಎದುರು 318, ಗಂಗೂಲಿ 183, ದ್ರಾವಿಡ್ 129 ಎಸೆತಗಳಲ್ಲಿ 145. ನವೆಂಬರ್ 8ರಂದು ಹೈದರಾಬಾದ್‌ನಲ್ಲಿ ನ್ಯೂಜಿಲೆಂಡ್ ಎದುರು 331, ಸಚಿನ್ ಔಟಾಗದೆ 186, ದ್ರಾವಿಡ್ 153 ಎಸೆತಗಳಲ್ಲಿ 153. ಎರಡರಲ್ಲೂ ಇನ್ನೊಂದು ತುದಿಯಲ್ಲಿದ್ದವರು ಒಬ್ಬರೇ. ಏಕದಿನಕ್ಕೆ ನಿಧಾನ ಎಂದು ಅವರನ್ನು ತಂಡದಿಂದ ಕೈಬಿಟ್ಟಿದ್ದ ಕಾಲ ಆಗಷ್ಟೇ ಮುಗಿದಿತ್ತು. ಆ ವರ್ಷದ ವಿಶ್ವಕಪ್‌ನಲ್ಲಿ 461 ರನ್ ಹೊಡೆದು ಎಲ್ಲ ದೇಶದವರಿಗಿಂತ ಮುಂದಿದ್ದವರೂ ಅವರೇ, ಭಾರತ ಸೆಮಿಫೈನಲ್ ತಲುಪದಿದ್ದರೂ. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಏಳನೇ ಬ್ಯಾಟ್ಸ್‌ಮನ್ ಬೇಕೆಂದು ವಿಕೆಟ್ ಕೀಪರ್ ಗ್ಲೌಸ್ ಹಾಕಿಕೊಂಡರು. ಅಂಕಿಅಂಶದ ಪಟ್ಟಿಯಲ್ಲಿ 71 ಸ್ಟ್ರೈಕ್ ರೇಟ್ ನೋಡಿ ಹುಡುಗರು ದ್ರಾವಿಡ್ ಹೆಸರನ್ನು ದಾಟಿ ಹೋಗುತ್ತಾರೆ. ಗಂಗೂಲಿಯ ಅತಿ ದೊಡ್ಡ ಇನಿಂಗ್ಸ್‌ಗೂ ಸಚಿನ್‌ನ ಅಷ್ಟು ದೊಡ್ಡ ಇನಿಂಗ್ಸ್‌ಗೂ ಆಸರೆಯಾಗಿ ನಿಂತವರು ಅವರು ಎಂಬುದು ಆ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ನನ್ನ ಉತ್ತರ ಏನು? ಮೊದಲ ಹೆಸರು ರಿಚರ್ಡ್ಸ್. ಅವರ ಮತ್ತು ಅವರ ಕಾಲದ ಉಳಿದವರ ನಡುವೆ ಇದ್ದಷ್ಟು ಅಂತರ ಮತ್ತೆ ಯಾರಿಗೂ ಬರಲಿಲ್ಲ. ಐಸಿಸಿ ರ‍್ಯಾಂಕಿಂಗ್‌ನಲ್ಲಿ ಅವರು ಮುಟ್ಟಿದ 935 ಅಂಕವನ್ನೂ ಯಾರೂ ದಾಟಿಲ್ಲ. ಎರಡನೆಯದು 1994ರಿಂದ 2003ರವರೆಗಿನ ಸಚಿನ್, ತೀರಾ ಹತ್ತಿರದಲ್ಲಿ. ಆದರೆ 300 ಬೆನ್ನಟ್ಟುವ ದಿನ ಬಂದರೆ ಈ ಇಬ್ಬರನ್ನೂ ಬಿಟ್ಟು ಕೊಹ್ಲಿಯನ್ನೇ ಕರೆಯುತ್ತೇನೆ. ನನ್ನ ವಯಸ್ಸಿನವನು ರಿಚರ್ಡ್ಸ್ ಹೆಸರು ಮೊದಲು ಹೇಳುವುದು ಗೆಳೆಯರಿಗೆ ಸರಿ ಕಾಣುವುದಿಲ್ಲ. ಸ್ಕೋರ್‌ಕಾರ್ಡ್ ಓದಿದಷ್ಟೂ ನನಗೆ ಇದೇ ಸರಿ ಎನಿಸುತ್ತದೆ.

ರಿಚರ್ಡ್ಸ್ ಜೊತೆ ಯಾರನ್ನು ನಿಲ್ಲಿಸುತ್ತೀಯ ಎಂದು ಕೇಳಿದರೆ ಹೆಚ್ಚಿನವರು ಸಚಿನ್ ಎನ್ನುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಸಚಿನ್ ಇನಿಂಗ್ಸ್ ಶುರು ಮಾಡಲಿ. ಮೊದಲ ವಿಕೆಟ್ ಬಿದ್ದಾಗ ರಿಚರ್ಡ್ಸ್ ಬರಲಿ. ಎರಡನೆಯದು ಬಿದ್ದಾಗ, ಚೆಂಡು ಇನ್ನೂ ತಿರುಗುತ್ತಿರುವಾಗ, ರಿಚರ್ಡ್ಸ್ ಎದುರಿಗೆ ದ್ರಾವಿಡ್ ಬೇಕು. ಒಂದು ರನ್ ತೆಗೆದು ಸ್ಟ್ರೈಕ್ ಕೊಡುತ್ತಾರೆ, ವಿಕೆಟ್ ಕಳೆದುಕೊಳ್ಳುವುದಿಲ್ಲ, ಹೊಡೆಯಲೇಬೇಕಾದರೆ ಹೊಡೆಯುತ್ತಾರೆ. ನ್ಯೂಜಿಲೆಂಡ್ ಮೇಲೆ 2003ರಲ್ಲಿ ಹೈದರಾಬಾದ್‌ನಲ್ಲೇ 22 ಎಸೆತಗಳಲ್ಲಿ ಅರ್ಧಶತಕ ಹೊಡೆದವರಲ್ಲವೇ ಅವರು. ಆಮೇಲೆ ಕೀಪಿಂಗ್ ಕೂಡ ಮಾಡುತ್ತಾರೆ, ಆಗ ಏಳನೇ ಕ್ರಮಾಂಕದಲ್ಲಿ ಬೆವನ್‌ಗೂ ಜಾಗ ಸಿಗುತ್ತದೆ.